ಎರಡನೇ ಸಲ ದೊಡ್ಡಾಕಿ

ಮುಟ್ಟು ನಿಂತು ವರ್ಷಗಳಾದ ಮೇಲೆ ನಮ್ಮವ್ವನಿಗೆ ಮತ್ತೆ ಕೆಂಪು ಕಾಣಿಸಿಕೊಂಡಿತು. ಅದನ್ನು ಮೊದಲು ಪತ್ತೆ ಹಚ್ಚಿದವಳು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಅಪ್ಪ ತೀರಿಕೊಂಡ ಮೇಲೆ ಕಂಪ್ಲಿಯ ಆ ಮನೆಯಲ್ಲಿ ಅವಳದೇ ದರ್ಬಾರು. ಓಣಿಗೆಲ್ಲ ಕೇಳುವಂತೆ, 'ನಮ್ಮ ನೆಗೆಣ್ಣಿ ಎರಡನೇ ಸಲ ದೊಡ್ಡಾಕಿ ಆಗ್ಯಾಳ, ಬರ್ರಿ, ಆರತಿ ಮಾಡೂಣು' ಎಂದಳು. ಹುಡುಗಿ ಮೈನೆರೆದರೆ ನಮ್ಮ ಕಡೆ ದೊಡ್ಡಾಕಿ ಆದಳು ಅನ್ನುತ್ತಾರೆ. ಕೂಡಿಸಿ ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ. ದೊಡ್ಡವ್ವ ನಿಜವಾಗಿಯೂ ಒಂದು ಹಿತ್ತಾಳೆ ಬಟ್ಟಲಲ್ಲಿ ಕೊಬ್ಬರಿ ಬೆಲ್ಲ ತಂದು ಅವ್ವನ ಮುಂದಿಟ್ಟಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು, ನಗದೆ ಎಲ್ಲಿಗೆ ಹೋಗಬೇಕು?

ನಾನು ಬಾಣಂತನಕ್ಕೆ ತವರಿಗೆ ಬಂದಿದ್ದೆ. ಕಾಲುವೆ ನೀರಿನಿಂದ ವರ್ಷಕ್ಕೆ ಎರಡು ಬೆಳೆ, ಪಡಸಾಲೆ ತುಂಬ ಭತ್ತದ ಚೀಲ. ಅವುಗಳ ಹಿಂದಿನ ಕತ್ತಲೆ ಕೋಣೆ ನನಗೂ ಅವ್ವನಿಗೂ. ಕೂಸನ್ನು ನೋಡಲು ಬಂದ ನರ್ಸಮ್ಮ, ಈ ವಾಸನೆ ಬಾಣಂತಿಯದಲ್ಲ ಎಂದು ಅವ್ವನ ಕಡೆ ತಿರುಗಿದಳು. ಆಸ್ಪತ್ರೆಗೆ ಬಾ, ಗರ್ಭಕೋಶದ ಬಾಯಿಯಿಂದ ಕಡ್ಡಿಯಲ್ಲಿ ಒಂದಿಷ್ಟು ಸವರಿ ಬಳ್ಳಾರಿಗೆ ಪರೀಕ್ಷೆಗೆ ಕಳಿಸುತ್ತೇನೆ, ಕ್ಯಾನ್ಸರ್ ಬೇಗ ಸಿಕ್ಕರೆ ಜೀವ ಉಳಿಯುತ್ತದೆ ಎಂದಳು.

ಅವ್ವ ಒಲ್ಲೆ ಎಂದಳು. ನಮ್ಮೂರಲ್ಲಿ ನರ್ಸಮ್ಮನ ಹಿಂದೆ ಹೋಗುವವರು, ಒಂದೋ ಮಕ್ಕಳು ಸಾಕೆಂದು ಆಪರೇಷನ್ನಿಗೆ, ಇಲ್ಲವೇ ಬಸಿರು ತೆಗೆಸಲು. ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ, 'ಗಂಡ ಇಲ್ಲದಾಕಿಗೆ ನರ್ಸಮ್ಮನ ಕೂಡ ಏನು ಕೆಲಸರೀ?' ಎಂದಳು. ಅಷ್ಟು ಸಾಕಾಯಿತು. ನರ್ಸಮ್ಮ ಮತ್ತೆ ಮತ್ತೆ ಬಂದಳು. ಬಂದಾಗಲೆಲ್ಲ ಅವ್ವ ಹಿತ್ತಲಿನಿಂದ ಕಾಲುವೆಗೆ ಬಟ್ಟೆ ಒಗೆಯಲು ಹೋಗಿಬಿಡುತ್ತಿದ್ದಳು. ಮುಂದಿನ ಸುಗ್ಗಿಗೆ ಅವ್ವ ಇರಲಿಲ್ಲ. ಕೊನೆಯ ದಿನಗಳಲ್ಲಿ, ಭತ್ತಕ್ಕೆ ವಾಸನೆ ಹತ್ತುತ್ತದೆಂದು ದೊಡ್ಡವ್ವ ಚೀಲಗಳನ್ನು ಬೇರೆ ಕಡೆ ಹೊರಿಸಿದಳು.

ಕೆಲವು ವರ್ಷಗಳ ನಂತರ ಹಬ್ಬಕ್ಕೆ ಹೋಗಿದ್ದೆ. ನರ್ಸಮ್ಮ ನಮ್ಮ ಕಟ್ಟೆಯ ಮೇಲೆ ಹೆಂಗಸರನ್ನು ಕೂಡಿಸಿದ್ದಳು. ರೋಗ ಎಂದರೆ ಯಾರೂ ಬಾಯಿ ಬಿಡುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಓಣಿಯ ಕುಹಕದ ಮಾತನ್ನೇ ಎತ್ತಿಕೊಂಡು, 'ಮುಟ್ಟು ನಿಂತ ಮ್ಯಾಲ ಎರಡನೇ ಸಲ ದೊಡ್ಡಾಕಿ ಆದವ್ರು ಯಾರದೀರಿ?' ಎಂದು ಕೇಳಿದಳು. ಈ ಸಲ ಯಾರೂ ನಗಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಇಲ್ಲ ಎಂದಳು ದೊಡ್ಡವ್ವ.

ಅವಳು ಬೆಳಿಗ್ಗೆ ಹಿತ್ತಲಲ್ಲಿ ಕೆಂಪು ಹತ್ತಿದ ಬಟ್ಟೆ ಒಗೆದು ಸೀರೆಯ ಮರೆಯಲ್ಲಿ ಒಣಹಾಕಿದ್ದನ್ನು ನಾನು ಕಂಡಿದ್ದೆ. ನಾನು ಸುಮ್ಮನಿದ್ದರೆ ಅವ್ವನ ಹಾದಿಯೇ ಅವಳಿಗೂ. ಒಂದು ಗಳಿಗೆ, ಹಾಗೇ ಆಗಲಿ ಅನ್ನಿಸಿತು. ಆದರೆ ಸತ್ತವಳ ಮುಂದೆ ನಕ್ಕು ಏನು ಸುಖ? ಅವಳು ಕಣ್ಣು ಬಿಟ್ಟಿರುವಾಗಲೇ ನಗಬೇಕಿತ್ತು ನನಗೆ.

ಒಳಗೆ ಹೋಗಿ ಕೊಬ್ಬರಿ ಬೆಲ್ಲ ತಂದು ಅವಳ ಮುಂದಿಟ್ಟೆ. 'ನಮ್ಮ ದೊಡ್ಡವ್ವ ಆಗ್ಯಾಳ್ರಿ ಸಿಸ್ಟರ್, ಕರಕೊಂಡು ಹೋಗ್ರಿ' ಎಂದೆ.

ನರ್ಸಮ್ಮ ರಟ್ಟೆ ಹಿಡಿದು ಅವಳನ್ನು ಬಸ್ಸು ಹತ್ತಿಸಿದಳು. ರೋಗ ಬೇಗ ಸಿಕ್ಕಿತ್ತು. ಗರ್ಭಕೋಶ ತೆಗೆದರು, ದೊಡ್ಡವ್ವ ಉಳಿದಳು. ಮೊಮ್ಮಕ್ಕಳ ಮದುವೆಯನ್ನೂ ನೋಡಿದಳು. ಸಾಯುವ ತನಕ ನನ್ನ ಜೊತೆ ಮಾತಾಡಲಿಲ್ಲ.

ಪುಣ್ಯ ಕಟ್ಟಿಕೊಂಡೆ ಎಂದು ನರ್ಸಮ್ಮ ನನ್ನನ್ನು ಹೊಗಳಿದಳು. ಅವಳಿಗೇನು ಗೊತ್ತು! ಅವತ್ತು ಅವ್ವನ ಮುಂದಿಟ್ಟಿದ್ದ ಅದೇ ಹಿತ್ತಾಳೆ ಬಟ್ಟಲನ್ನು ಅಡುಗೆಮನೆಯಲ್ಲೆಲ್ಲ ತಡಕಾಡಿ ಹುಡುಕಿ ತಂದಿದ್ದೆ.