ತಿರುವಿದ ಗಿಳಿ

ಶಾಂತಕ್ಕಾ, ಆ ಸೀರೆ ದಡಿಯ ಗುಟ್ಟು ಹೊರಗೆ ಹಾಕಿದವಳು ನಾನು. ನೀವಲ್ಲ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು—

ಬನಹಟ್ಟಿಯ ನಮ್ಮ ಮನೆಯಲ್ಲಿ ಹೊಸ ದಡಿ ಕೈಮಗ್ಗಕ್ಕೇರಿದರೆ, ಮೊದಲ ಸೀರೆಯನ್ನು ಮನೆದೇವರಿಗೆ ಉಡಿಸುವ ತನಕ ಹೊರಗಿನವರಿಗೆ ತೋರಿಸುವುದಿಲ್ಲ. ಆ ವರ್ಷ ಕಾಕಾ ಸೀರೆಯಂಚಿಗೆ ಗಿಳಿಸಾಲಿನ ದಡಿ ಹಾಕಿದ್ದರು. ಗಿಳಿಗಳೆಲ್ಲ ಬಲಕ್ಕೆ ಮುಖ ಮಾಡಿದ್ದವು. ನೇಯ್ದಷ್ಟಕ್ಕೆ ಹಳೆಯ ಪಂಜೆ ಹೊದಿಸಿಯೇ ಅವರು ಊಟಕ್ಕೆ ಏಳುತ್ತಿದ್ದರು. ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ನೀವು ಮಗ್ಗದ ಪಕ್ಕ ನೆಲದ ಮೇಲೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಿರಿ.

ನನಗೆ ಆಗ ಫೋನಿನ ಬಸ್ಸಿನ ಆಟದ ಹುಚ್ಚು. ಆಟದ ಬಸ್ಸಿಗೆ ನಮಗೆ ಬೇಕಾದ ಬಣ್ಣ, ಚಿತ್ರ ಕೂಡಿಸಿ ಹೊಸ ಮೈ ತೊಡಿಸಬಹುದು. ಅದಕ್ಕೆ ಸ್ಕಿನ್ ಎನ್ನುತ್ತಾರೆ. ನಾನು ಮಾಡಿದ ಸ್ಕಿನ್ನುಗಳನ್ನು ಗುರುತಿಲ್ಲದವರೂ ಹೊಗಳುತ್ತಿದ್ದರು, ಅದರ ಸೊಕ್ಕೂ ಇತ್ತು. ಒಂದು ಮಧ್ಯಾಹ್ನ ಪಂಜೆ ಸರಿಸಿ ದಡಿಯ ಫೋಟೊ ತೆಗೆದೆ. ಬಸ್ಸಿಗೆ ಕೂಡಿಸಿದರೆ ಬಸ್ಸು ಮುಂದಕ್ಕೆ ಹೊರಟಿತ್ತು, ಗಿಳಿಗಳು ಹಿಂದಕ್ಕೆ ನೋಡುತ್ತಿದ್ದವು. ಚಿತ್ರವನ್ನು ಎಡಬಲ ತಿರುವಿದೆ, ಸೇವ್ ಮಾಡಿದೆ, ರಬಕವಿಯ ಹುಡುಗರೂ ಇದ್ದ ಆಟದ ಗುಂಪಿಗೆ ಹಾಕಿದೆ. ಅಷ್ಟೇ— ಅಷ್ಟೇ ಅಂದುಕೊಂಡಿದ್ದೆ.

ನಮ್ಮ ಸೀರೆ ಮಗ್ಗದಿಂದ ಇಳಿಯುವ ಮೊದಲೇ ರಬಕವಿಯ ಪವರ್‌ಲೂಮ್ ಸೀರೆಯೊಂದು ಪೇಟೆಗೆ ಬಂತು. ಅದೇ ದಡಿ. ಗಿಳಿಗಳು ಮಾತ್ರ ಎಡಕ್ಕೆ ತಿರುಗಿದ್ದವು. ಕಾಕಾ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು.

“ಇದು ಮ್ಯಾಲಿಂದ ನೋಡಿದ್ದಲ್ಲ. ಮಗ್ಗದ ಕೆಳಗಿಂದ ನೋಡಿದವರಿಗೆ ಗಿಳಿ ಹಿಂಗ ತಿರುಗಿ ಕಾಣ್ತಾವು. ನೆಲದ ಮ್ಯಾಲೆ ಕುಂದರಾಕಿ ಒಬ್ಬಾಕಿನ ಅದಾಳ.”

ನೇಕಾರನ ತರ್ಕ ಅದು, ಯಾರೂ ಎದುರಾಡಲಿಲ್ಲ. ಮೇಲಾಗಿ ನಿಮ್ಮ ತಮ್ಮ ರಬಕವಿಯಲ್ಲೇ ಕೆಲಸಕ್ಕಿದ್ದ. ಗಿಳಿ ತಿರುವಿದ ಬೆರಳು ನನ್ನದೆಂದು ನನಗೊಬ್ಬಳಿಗೇ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ನಾನು ಫೋನು ಮುಟ್ಟಿಕೊಂಡೆ.

“ನೀ ಏನರ ಕಂಡೀಯೇನ?” ಎಂದರು ಕಾಕಾ.

“ಶಾಂತಕ್ಕ ಮಗ್ಗದ ಕೆಳಗ ಬಗ್ಗಿದ್ದು ನೋಡೇನ್ರಿ.”

ಬಗ್ಗಿದ್ದಿರಿ, ಸುಳ್ಳಲ್ಲ. ಯಾಕೆ ಬಗ್ಗಿದ್ದಿರಿ ಎಂಬುದನ್ನು ನುಂಗಿಕೊಂಡೆ.

ನೀವು ಅಳಲಿಲ್ಲ. “ನೀನರ ಖರೆ ಹೇಳವಾ,” ಎಂದಿರಿ. ನಾನು ನೆಲ ನೋಡಿದೆ. ಅರ್ಧ ಸುತ್ತಿದ ಕಂಡಿಕೆಯನ್ನು ಬುಟ್ಟಿಯಲ್ಲಿಟ್ಟು ಹೋದಿರಿ. ಆಮೇಲೆ ಊರಿನ ಯಾವ ಮಗ್ಗದ ಮನೆಯೂ ನಿಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ.

ಅಂದಿನಿಂದ ಕಾಕಾ ಯಾರನ್ನೂ ನಂಬುವುದಿಲ್ಲ. ಮಗ್ಗದ ಕೆಳಗೂ ಬಟ್ಟೆ ಕಟ್ಟುತ್ತಾರೆ. ನೂಲು ಸುತ್ತುವವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸುತ್ತಾರೆ. ನಂಬುವುದು ನನ್ನೊಬ್ಬಳನ್ನೇ, ಮಗ್ಗದ ಕೋಣೆಯ ಕೀಲಿ ನನ್ನ ಕೈಯಲ್ಲಿದೆ. ಅದಕ್ಕೇ ನನಗೆ ಹೇಸಿಕೆ. ನಾನೂ ಸಂಶಯದ ಪ್ರಾಣಿಯಾಗಿದ್ದೇನೆ— ಯಾರಾದರೂ ಫೋನು ಕೇಳಿದರೆ ಬೆನ್ನ ಹಿಂದೆ ಬಚ್ಚಿಡುತ್ತೇನೆ, ಸಂತೆಯಲ್ಲಿ ನೀವು ಕಂಡು ನಕ್ಕರೆ ಆ ನಗೆಯಲ್ಲಿ ಏನಿದೆಯೆಂದು ದಿನವಿಡೀ ಹುಡುಕುತ್ತೇನೆ. ಗೊತ್ತಿತ್ತೇ ಅಕ್ಕಾ, ನಿಮಗೆ? ಗೊತ್ತಿದ್ದೂ ಸುಮ್ಮನಿದ್ದಿರೇ…

ನೆವ ಹೇಳುವುದಿಲ್ಲ. ಆ ಚಿತ್ರ ಇನ್ನೂ ನನ್ನ ಫೋನಿನಲ್ಲಿದೆ. ನಾಳೆ ಕೀಲಿಯನ್ನೂ ಫೋನನ್ನೂ ಕಾಕಾನ ಮುಂದಿಟ್ಟು, ಓಣಿಯವರೆಲ್ಲ ಕೇಳುವಂತೆ ಹೇಳುತ್ತೇನೆ: ಶಾಂತಕ್ಕ ಬಗ್ಗಿದ್ದು ಉರುಳಿಹೋದ ಕಂಡಿಕೆ ಎತ್ತಿಕೊಳ್ಳಲು. ನಾನು ಕಂಡಿದ್ದೆ.