ಮೈಕಿಲ್ಲದ ಹಾಡು

ರಾತ್ರಿ ಪಾಳಿ ಮುಗಿಸಿ ಬಂದ ದಿವ್ಯ ಆ ಭಾನುವಾರ ಮಲಗಲೇ ಇಲ್ಲ. ಕಡಕೊಳದ ಪ್ಲಾಸ್ಟಿಕ್ ಡಬ್ಬಿ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಮನೆಗೆ ಬಂದವಳು ಬಟ್ಟೆ ಒಗೆದಳು, ಸಾರಿಗಿಟ್ಟಳು, ಸೀರೆ ಇಸ್ತ್ರಿ ಮಾಡಿಕೊಂಡಳು.

"ಒಂದ್ ಗಳಿಗೆ ಒರಗಿಕೋ. ನಾನು ಎಬ್ಬುಸ್ತೀನಿ" ಅಂದ ಗಂಡ ಪ್ರಸಾದ್.

"ಒರಗುದ್ರೆ ಏಳಕ್ಕಾಗಲ್ಲ ಕಣ್ರೀ. ಮೇಡಂ ಕಾಯ್ತಿರ್ತಾರೆ" ಎಂದು ಹೇಳಿ ಮೈಸೂರಿನ ಬಸ್ಸು ಹತ್ತಿದಳು.

ಮೇಡಂ ಅಂದರೆ ರಾಮಕೃಷ್ಣನಗರದ ಸುಂದರಮ್ಮ. ಅಜ್ಜನ ಕಾಲಕ್ಕೆ ಅರಮನೆಯಲ್ಲಿ ಹಾಡುತ್ತಿದ್ದ ಮನೆತನ ಅವರದು. ಊರಲ್ಲಿ ಸೋಬಾನೆ ಹೇಳುತ್ತ ಬೆಳೆದ ದಿವ್ಯ, ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಒಂದು ದಿನ ತಾನೇ ಅವರ ಬಾಗಿಲಿಗೆ ಹೋಗಿ "ನಂಗೂ ಕಲಿಸ್ತೀರಾ?" ಎಂದು ಕೇಳಿದ್ದಳು. ಸುಂದರಮ್ಮ ಒಂದು ಹಾಡು ಹೇಳಿಸಿ, ಒಳಗೆ ಕರೆದು ಕೂರಿಸಿಕೊಂಡಿದ್ದರು. ಸರಳೆ, ಜಂಟಿವರಸೆ ಮುಗಿದು ಈಗ ವರ್ಣಕ್ಕೆ ಬಂದಿತ್ತು. ಆದರೆ ಈಚೆಗೆ ಅವಳ ಗಂಟಲು ಒಡೆಯತೊಡಗಿತ್ತು. ಕಾರ್ಖಾನೆಯಲ್ಲಿ ಮೆಷೀನಿನ ಸದ್ದಿಗಿಂತ ಜೋರಾಗಿ ಕೂಗದೆ ಒಬ್ಬರ ಮಾತು ಒಬ್ಬರಿಗೆ ಕೇಳದು. ರಾತ್ರಿಯಿಡೀ ಕೂಗಿ ಬಂದ ದಿನ ಮೇಲಿನ ಷಡ್ಜ ಮುಟ್ಟುವುದರೊಳಗೆ ಅವಳಿಗೆ ಕೆಮ್ಮು ಹತ್ತುತ್ತಿತ್ತು.

ಮೈಸೂರಿಗೆ ಇಟಲಿಯ ಒಪೆರಾ ತಂಡವೊಂದು ಬಂದಿತ್ತು. ಕಥೆಯೆಲ್ಲ ಹಾಡಿನಲ್ಲೇ ನಡೆಯುವ ನಾಟಕವದು. ಸುಂದರಮ್ಮನಿಗೆ ಎರಡು ಪಾಸು ಸಿಕ್ಕಿದ್ದವು. ಮಗಳನ್ನೋ ಸೊಸೆಯನ್ನೋ ಕರೆಯದೆ ಅವರು ದಿವ್ಯಳಿಗೇ ಫೋನು ಮಾಡಿದ್ದರು.

ಸಭಾಂಗಣದ ಬಾಗಿಲಲ್ಲೇ ನಿಂತಿದ್ದ ಸುಂದರಮ್ಮ ಅವಳ ಮುಖ ನೋಡಿ, "ಇದೇನೇ, ಕಣ್ಣು ಹೀಗೆ ಕೆಂಪಗಾಗಿದೆ? ಮಲಗಿಲ್ವಾ?" ಎಂದರು.

"ಧೂಳು ಮೇಡಂ" ಎಂದಳು ದಿವ್ಯ.

ಪರದೆ ಎದ್ದಿತು. ಗಂಟೆ ಎರಕ ಹೊಯ್ಯುವವನೊಬ್ಬನ ಕಥೆ ಎಂದು ಬಾಗಿಲಲ್ಲಿ ಕೊಟ್ಟ ಹಾಳೆಯಲ್ಲಿತ್ತು. ರಾಣಿಗಾಗಿ ಮಾಡಿದ ಗಂಟೆ ಮೊದಲ ಪೆಟ್ಟಿಗೇ ಬಿರುಕು ಬಿಟ್ಟು, ಅವನು ಸೆರೆಗೆ ಬೀಳುತ್ತಾನೆ. ಮಾತು ತಿಳಿಯದು. ಹಾಗೆ ಕಿರುಚಿದಂತೆ ಹಾಡುವುದೂ ದಿವ್ಯಳಿಗೆ ಹೊಸದು. ಮೊದಮೊದಲು ನಗು ಬಂತು, ಆಮೇಲೆ ರೆಪ್ಪೆ ಎಳೆಯತೊಡಗಿತು. ತೊಡೆ ಚಿವುಟಿಕೊಂಡು ಕೂತಳು.

ಅಷ್ಟರಲ್ಲಿ ಗಂಟೆಯವನ ಹೆಂಡತಿ ಒಬ್ಬಳೇ ರಂಗದ ನಡುವೆ ಬಂದು ನಿಂತಳು. ದಪ್ಪನೆಯ, ನಡುವಯಸ್ಸಿನ ಹೆಂಗಸು. ಕೆಳಗೆ ಸಾಲಾಗಿ ಕೂತವರೆಲ್ಲ ಪಿಟೀಲು, ಕೊಳಲು, ತಮಟೆಯಂಥ ದೊಡ್ಡ ವಾದ್ಯ ಒಟ್ಟಿಗೇ ನುಡಿಸುತ್ತಿದ್ದರು. ಅವಳು ಬಾಯಿ ತೆರೆದಳು. ಅಷ್ಟೂ ಸದ್ದಿನ ಮೇಲೆ ಅವಳ ದನಿ ಎದ್ದು, ದಿವ್ಯ ಕೂತಿದ್ದ ಹಿಂದಿನ ಸಾಲಿಗೂ ಹತ್ತಿರದಲ್ಲೇ ಹಾಡಿದಂತೆ ಬಂತು. ದಿವ್ಯ ಮೈಕನ್ನು ಹುಡುಕಿದಳು. ಕೈಯಲ್ಲಿಲ್ಲ, ಕೊರಳಲ್ಲಿಲ್ಲ, ಎದುರಿಗೂ ಇಲ್ಲ.

"ಮೈಕೆಲ್ಲಿ ಮೇಡಂ?"

"ಇವರು ಮೈಕ್ ಇಟ್ಕೊಳ್ಳಲ್ಲ ಕಣೇ. ಸುಮ್ನೆ ಕೇಳು."

ಕೇಳಿದಳು. ಆ ಹೆಂಗಸು ಕೂಗುತ್ತಿರಲಿಲ್ಲ. ಕತ್ತು ಮುಂದೆ ಚಾಚಿರಲಿಲ್ಲ. ಹೊಟ್ಟೆಯಷ್ಟೇ ನಿಧಾನವಾಗಿ ಏರಿ ಇಳಿಯುತ್ತಿತ್ತು. ದಿವ್ಯ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರೆಳೆದು ನೋಡಿದಳು. ತನಗಾಗುತ್ತಿರುವುದು ಸಂತೋಷವೋ, ತನ್ನ ದನಿಯ ಮೇಲಿನ ಮರುಕವೋ, ಅವಳಿಗೇ ತಿಳಿಯಲಿಲ್ಲ.

ವಿರಾಮದಲ್ಲಿ ಕಾಫಿ ಕುಡಿದು ಬಂದು ಕೂತದ್ದಷ್ಟೇ ನೆನಪು. ಮತ್ತೆ ಕಣ್ಣು ಬಿಟ್ಟಾಗ ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವಳ ತಲೆ ಸುಂದರಮ್ಮನ ಭುಜದ ಮೇಲಿತ್ತು. ಹೆಗಲ ಮೇಲೆ ಅವರ ಶಾಲು.

"ಅಯ್ಯೋ, ಎಬ್ಬಿಸಬಾರ್ದಿತ್ತಾ ಮೇಡಂ? ಮಲಗ್ಬುಟ್ನಲ್ಲಾ!" ದಿವ್ಯ ಅತ್ತೇಬಿಟ್ಟಳು.

"ಎರಡು ಸಲ ಎಬ್ಬಿಸಿದೆ. ನೀನೇ ಹ್ಞೂಂ ಅಂದು ಮತ್ತೆ ಮಲಗಿದೆ" ಎಂದು ಸುಂದರಮ್ಮ ಭುಜ ನೀವಿಕೊಂಡರು. "ಅಳ್ಬೇಡ ಬಾ. ನೋಯ್ತಿದೆ ನಂಗೆ, ನಿನ್ನ ತಲೆ ಏನು ಕಡಿಮೆ ಭಾರವೇ?"

ಹೊರಗೆ ಮೆಟ್ಟಿಲ ಮೇಲೆ ಕೂತು ಅವರೇ ಉಳಿದ ಕಥೆ ಹೇಳಿದರು. ರಾಣಿ ಕ್ಷಮಿಸುವುದಿಲ್ಲ. ಗಡೀಪಾರಾದ ಗಂಡನ ಜೊತೆ ಹೆಂಡತಿಯೂ ಹೊರಟುಬಿಡುತ್ತಾಳೆ. ನಡುನಡುವೆ ಅವಳ ರಾಗವನ್ನು ತಮಗೆ ತೋಚಿದಂತೆ ಗುನುಗಿದರು. ಸರಿಯಾಗಿ ಬರದೆ ತಾವೇ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಈ ವರ್ಷ ಸಂಗೀತದ ಪರೀಕ್ಷೆಗೆ ಕೂರೋದು ಬೇಡ ದಿವ್ಯ. ನಿದ್ದೆಗೆಟ್ಟ ದೇಹದಲ್ಲಿ ಉಸಿರು ನಿಲ್ಲಲ್ಲ. ಮೊದಲು ಹಗಲು ಪಾಳಿ ಕೇಳು" ಅಂದರು.

"ಕೇಳುದ್ರೆ ಕೊಡ್ತಾರಾ ಮೇಡಂ?"

"ಕೇಳಿದ್ದೀಯಾ?"

ದಿವ್ಯ ಕೇಳಿರಲಿಲ್ಲ.

ಸಂಜೆ ಕಡಕೊಳದ ಸ್ಟಾಪಿನಲ್ಲಿ ಪ್ರಸಾದ್ ಬೈಕು ತಂದು ನಿಂತಿದ್ದ. "ಹೆಂಗಿತ್ತು ನಾಟಕ?"

"ಅರ್ಧ ನಾನು ನೋಡ್ದೆ, ಅರ್ಧ ಮೇಡಂ ನೋಡುದ್ರು" ಎನ್ನುತ್ತ ಹಿಂದೆ ಕೂತಳು. ಅಲ್ಲಿಂದಲೇ ಸೂಪರ್‌ವೈಸರ್ ದೇವರಾಜುಗೆ ಫೋನು ಮಾಡಿದಳು. "ಇವತ್ತು ಬರಲ್ಲ ಸಾರ್. ನಾಳೆ ಬಂದು ಮಾತಾಡ್ತೀನಿ, ನಂಗೆ ಹಗಲು ಶಿಫ್ಟ್ ಬೇಕು." ಆ ಕಡೆಯಿಂದ ಏನೇನೋ ಗೊಣಗಾಟ. ದಿವ್ಯ ಪೂರ್ತಿ ಕೇಳಿಸಿಕೊಂಡು, ಹ್ಞೂಂ ಸಾರ್ ಅಂದು ಇಟ್ಟಳು.

ಹಗಲು ಪಾಳಿ ಸಿಕ್ಕಿದ್ದು ದೀಪಾವಳಿ ಕಳೆದ ಮೇಲೆ, ಅದೂ ತಿಂಗಳು ಬಿಟ್ಟು ತಿಂಗಳು. ಆದರೆ ಆ ಭಾನುವಾರ ರಾತ್ರಿ ಪ್ರಸಾದ್ ಅನ್ನ ಬಡಿಸಿ ಕರೆಯುವುದರೊಳಗೆ ಅವಳು ಕಾಲು ತೊಳೆಯದೆ, ಸೀರೆಯನ್ನೂ ಬದಲಿಸದೆ ಚಾಪೆಯ ಮೇಲೆ ಬಿದ್ದುಕೊಂಡಿದ್ದಳು. ಅವನು ಬಾಗಿಲು ಮುಂದಕ್ಕೆಳೆದು, ಟಿವಿಯ ಸದ್ದು ತಗ್ಗಿಸಿದ.