ಬಣ್ಣ ಹಚ್ಚಿ ಹಕ್ಕು ಕಲಿಸುವ ಸುಂದರವ್ವ

ಬನಹಟ್ಟಿಯ ಓಣಿಯಲ್ಲಿ ಮಗ್ಗಗಳು ಇನ್ನೂ ಸದ್ದು ಶುರು ಮಾಡಿಲ್ಲ. ಸುಂದರವ್ವ ಒಲೆಯ ಮುಂದೆ ಕೂತು ಮೈದಾ ಅಂಟು ಕುದಿಸುತ್ತಿದ್ದಾರೆ. ಅಂಗಳದ ಹಗ್ಗಕ್ಕೆ ಅರ್ಧ ಒಣಗಿದ ಕಾಗದದ ಮುಖವಾಡಗಳು ತೂಗುತ್ತಿವೆ. ಬೆಳಕು ಹರಿಯುವಷ್ಟರಲ್ಲಿ ಅವನ್ನೆಲ್ಲ ಚೀಲಕ್ಕೆ ತುಂಬಿ ಚಿಮ್ಮಡದ ಕಡೆಯ ಆಟೋ ಹಿಡಿಯಬೇಕು. ಇವತ್ತು ರವಿವಾರ. ಚಿಮ್ಮಡದಾಚೆಯ ಹಳ್ಳಿಯಲ್ಲಿ ಹುಡುಗರು ಕಾಯುತ್ತಿರುತ್ತಾರೆ.

ವಾರವೆಲ್ಲ ಅವರು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾರೆ. ರವಿವಾರ ಮಾತ್ರ ಚಿತ್ರ, ಹಾಡು, ನಾಟಕದ ಮೂಲಕ ಹರೆಯದವರಿಗೆ ಮಾನವ ಹಕ್ಕು ಕಲಿಸುತ್ತಾರೆ. ಕುರಿ ಕಾಯುವ ಮನೆತನದ ಹೆಣ್ಣುಮಗಳು. ಅವರನ್ನು ಏಳನೆಯ ತರಗತಿಗೇ ಶಾಲೆ ಬಿಡಿಸಿದ್ದರು. ಮುಧೋಳದಲ್ಲಿ ನಡೆದ ಬೀದಿನಾಟಕದ ಶಿಬಿರಕ್ಕೆ ಗೆಳತಿಯ ಜೊತೆ ಹೋದಾಗಲೇ ‘ಹಕ್ಕು’ ಎಂಬ ಮಾತು ತನಗೂ ಸೇರಿದ್ದು ಎಂದು ಹೊಳೆದದ್ದು.

“ಭಾಷಣ ಮಾಡಿದ್ರ ಹುಡುಗ್ರು ಆಕಳಿಸ್ತಾರ್ರಿ. ಕೈಯಾಗ ಬಣ್ಣ ಕೊಟ್ಟು ನೋಡ್ರಿ, ಎದಿಯಾಗಿಂದೆಲ್ಲಾ ಹೊರಗ ಬರತೈತಿ” ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಹಾಗೆ ಹೊರಬಂದದ್ದೇ ಆ ಹಳ್ಳಿಯನ್ನು ಅಲುಗಾಡಿಸಿತು. ನಿಮ್ಮೂರಲ್ಲಿ ನೀವು ಒಮ್ಮೆಯೂ ಒಳಗೆ ಹೋಗದ ಜಾಗದ ಚಿತ್ರ ಬರೆಯಿರಿ ಎಂದಿದ್ದರು ಸುಂದರವ್ವ. ಕಾಲೇಜು ಓದುವ ಗಂಗಾರಾಮ ಚಹಾದಂಗಡಿಯ ಬೆಂಚು ಬರೆದ. ಅವನ ಕೇರಿಯವರು ಹೊರಗೇ ನಿಂತು, ಗೋಡೆಯ ಗೂಡಿನಲ್ಲಿ ಬೇರೆ ಇಟ್ಟ ಗ್ಲಾಸು ತೊಳೆದುಕೊಂಡು ಕುಡಿಯಬೇಕಿತ್ತು. ಪಕ್ಕದಲ್ಲಿದ್ದ ಪೂನಮ್ ತಲೆ ತಗ್ಗಿಸಿದಳು. ಅಂಗಡಿ ಅವಳಪ್ಪ ಗೂಳಪ್ಪನವರದು.

ಆಮೇಲೆ ಅವಳೇ ತಲೆಯೆತ್ತಿ ಹೇಳಿದಳು. “ಇದನ್ನ ನಾಟಕ ಮಾಡೂಣ್ರಿ ಅಕ್ಕಾರ. ಅಪ್ಪನ ಪಾರ್ಟು ನಾನ ಮಾಡ್ತೇನಿ.”

ಸುದ್ದಿ ಹಬ್ಬಿತು. ರವಿವಾರದ ಶಿಬಿರ ನಡೆಯುವ ಕೋಣೆಗೆ ಬೀಗ ಬಿತ್ತು. ಗೂಳಪ್ಪ ದಾರಿಯಲ್ಲೇ ಸುಂದರವ್ವನನ್ನು ತಡೆದು, “ಹಾಳಿಗೆ ಬಣ್ಣ ಹಚ್ಚೂದು ಬಿಟ್ಟು ಊರಿಗೆ ಬೆಂಕಿ ಹಚ್ಚಾಕ ಬಂದೀಯೇನು?” ಎಂದು ಗದರಿದರು. ಆದರೂ ಮುಂದಿನ ರವಿವಾರ ಸುಂದರವ್ವ ಬಂದಿಳಿದರೆ, ಬೇವಿನ ಮರದ ಕೆಳಗೆ ಹುಡುಗರು ತಾವೇ ಚಾಪೆ ಹಾಸಿ ಕೂತಿದ್ದರು. ಪೂನಮ್ ಕೂಡ.

ನಾಟಕದ ಸಂಜೆ ಊರಿಗೆ ಊರೇ ನೆರೆಯಿತು. ಹೆಗಲ ಮೇಲೆ ಟವೆಲ್ಲು ಹಾಕಿ, ಥೇಟ್ ಅಪ್ಪನಂತೆ ಕೆಮ್ಮಿ, “ಏ, ಅಲ್ಲೇ ನಿಂದರಲೇ! ನಿನ್ನ ಗ್ಲಾಸು ಗೂಡಿನ್ಯಾಗ ಐತಿ” ಎಂದು ಪೂನಮ್ ಗುಡುಗಿದಾಗ ಜನ ಬಿದ್ದು ಬಿದ್ದು ನಕ್ಕರು. ಗಂಗಾರಾಮ ಗ್ಲಾಸು ಹಿಡಿದು ಒಬ್ಬೊಬ್ಬರ ಮುಖ ನೋಡುತ್ತ ನಿಂತ. ನಗು ತಾನಾಗಿ ಅಡಗಿತು.

ಹಿಂದಿನಿಂದ ಗೂಳಪ್ಪ ಎದ್ದು ಬಂದರು. ಹೊಡೆದೇ ಬಿಡುತ್ತಾರೆಂದು ಸುಂದರವ್ವ ಅಡ್ಡ ನುಗ್ಗಿದರು. ಗೂಳಪ್ಪ ಮಗಳನ್ನು ಕೇಳಿದ್ದು ಇಷ್ಟೇ: “ನಾ ಖರೇನ ಹಿಂಗ ಮಾತಾಡ್ತೇನೇನವಾ?”

“ಹೂಂನಪ್ಪಾ. ದಿನಾ.” ಪೂನಮ್‌ಳ ಕಣ್ಣು ತುಂಬಿತ್ತು, ದನಿ ನಡುಗಲಿಲ್ಲ.

ಮರುದಿನ ಅಂಗಡಿ ತೆರೆಯಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಗೂಳಪ್ಪ ಗೂಡಿನ ಗ್ಲಾಸುಗಳನ್ನು ತಿಪ್ಪೆಗೆಸೆದು, ಗೂಡಿಗೆ ಮಣ್ಣು ಮೆತ್ತಿದರು. ಹೊರಗೆ ನಿಂತಿದ್ದ ಗಂಗಾರಾಮನನ್ನೂ ಅವನ ಅಜ್ಜನನ್ನೂ “ಒಳಗ ಬರ್ರಿ, ಕುಂದರ್ರಿ” ಎಂದು ಕರೆದರು. ಹೊಸ್ತಿಲಲ್ಲಿ ಹಿಂಜರಿದ ಅಜ್ಜನ ಕೈಹಿಡಿದು ಗಂಗಾರಾಮ ಬೆಂಚಿನ ಮೇಲೆ ಕೂರಿಸಿದ.

ಗಂಗಾರಾಮ, ಪೂನಮ್ ಈಗ ತಾವೇ ಸುತ್ತಲ ಹಳ್ಳಿಗಳಲ್ಲಿ ಶಿಬಿರ ನಡೆಸುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಸುಂದರವ್ವ ನಗುತ್ತಾರೆ.

“ಲೋಕಾಪುರದಾಗ ಹುಡುಗ್ರ ನಾಟಕ ಐತ್ರಿ. ನನಗಿಂತ ಛಲೋ ಕಲಸಾಕತ್ತಾರ ಅವರು. ಒಮ್ಮೆ ಮಂದ್ಯಾಗ ಕುಂತು, ಕೈ ನೋಯೂತನಕ ಚಪ್ಪಾಳಿ ಹೊಡೀಬೇಕರಿ.”